ಮಡುವಿಗೆ ಹಚ್ಚಿದ ತೇಪೆ

ಹೊಳೆ ಕಂಡರೆ ನನಗೆ ಅಂಜಿಕೆ. ಐವತ್ತು ದಾಟಿದ ಮೇಲೆ ಇದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಮನೆ ರಾಣೆಬೆನ್ನೂರಿನಲ್ಲಿ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಕೆಲಸ ಬ್ಯಾಡಗಿಯಲ್ಲಿ, ನಡುವೆ ದಿನಾ ಬಸ್ಸು. ಈ ದಾರಿಯಲ್ಲಿ ಹೊಳೆ ಅಡ್ಡ ಬರುವುದಿಲ್ಲ. ಅದನ್ನು ನೋಡಿಕೊಂಡೇ ನಾನು ಬ್ಯಾಡಗಿಗೆ ಕೇಳಿಕೊಂಡು ಹೋದೆ ಎಂದು ನನ್ನ ತಮ್ಮ ಚೇಷ್ಟೆ ಮಾಡುತ್ತಿದ್ದ. ಪೂರಾ ಸುಳ್ಳಲ್ಲ ಅದು.

ನಾವು ಹುಟ್ಟಿ ಬೆಳೆದದ್ದು ಮೇಡ್ಲೇರಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ನಾನು ಹುಟ್ಟುವ ಮೊದಲೇ ನನ್ನ ಅಪ್ಪನ ತಂಗಿ, ಹನ್ನೆರಡು ವರ್ಷದ ಹುಡುಗಿ, ಅರಿವೆ ಒಗೆಯಲು ಹೋದವಳು ಮಡುವಿನಲ್ಲಿ ಮುಳುಗಿಹೋದಳು. ಮಡು ಎಂದರೆ ಹೊಳೆ ಒಮ್ಮಿಂದೊಮ್ಮೆಲೇ ಆಳವಾಗುವ ಜಾಗ. ಉಳಿದ ಕಡೆ ನೀರು ಸದ್ದು ಮಾಡುತ್ತದೆ, ಅಲ್ಲಿ ಮಾತ್ರ ಸುಮ್ಮನಿರುತ್ತದೆ. ಆ ದಿನ ದಂಡೆಯ ಮೇಲೆ ನಿಂತು ಕಣ್ಣಾರೆ ನೋಡಿದವಳು ಆಗಷ್ಟೇ ಸೊಸೆಯಾಗಿ ಬಂದಿದ್ದ ನನ್ನ ಅವ್ವ. ನಾವು ಮಕ್ಕಳು ಹೊಳೆಯ ಹೆಸರೆತ್ತಿದರೆ ಸಾಕು, ಅವ್ವ ಕೈಯೊಳಗಿನ ಕೆಲಸ ಬಿಟ್ಟು ಒಂದೇ ಮಾತು ಹೇಳುತ್ತಿದ್ದಳು: "ಮಡುವಿಗೆ ಬಿದ್ದಾವ್ರು ಹೊಳ್ಳಿ ಬರಂಗಿಲ್ಲ." ಬೈಗುಳ ಇಲ್ಲ, ಹೊಡೆತ ಇಲ್ಲ. ಆ ಮಾತು ಕೇಳಿದ ಮೇಲೆ ನಾನು ಹೊಳೆಯ ಕಡೆ ಹೆಜ್ಜೆ ಇಡುತ್ತಿರಲಿಲ್ಲ.

ಆ ಮಾತನ್ನು ನಾನು ತಿದ್ದಿದೆ. ತಿದ್ದಿದ ಮಾತನ್ನು ನಂಬಿ ನನ್ನ ತಮ್ಮನ ಮಗಳು, ಹತ್ತು ವರ್ಷದ ಕೂಸು, ಹೊಳೆಗೆ ಇಳಿದಳು. ನಾನು ಹೇಳಬೇಕಾದದ್ದು ಇಷ್ಟೇ.

ಈ ಸಣ್ಣ ತಮ್ಮ ಇರುವುದು ಹಾವೇರಿಯಲ್ಲಿ. ಒಂದು ಅಂಗಡಿಯ ಮೇಲಿನ ಖೋಲಿಯಲ್ಲಿ ಹುಡುಗರಿಗೆ ಕಂಪ್ಯೂಟರ್ ಕಲಿಸುತ್ತಾನೆ. ಎರಡು ವರ್ಷದ ಹಿಂದೆ ಅವನಿಗೆ ಫೋನಿನಲ್ಲಿ ಆಡುವ ಗೇಮು ಮಾಡುವ ಹುಚ್ಚು ಹತ್ತಿತು. ಕರ್ಜಗಿಯಿಂದ ಬೈಕಿನ ಮೇಲೆ ಬರುವ ಅವನ ಗೆಳೆಯನೊಬ್ಬ ಚಿತ್ರ ಬರೆಯುತ್ತಿದ್ದ, ತಮ್ಮ ಅದಕ್ಕೆ ಜೀವ ಕೊಡುತ್ತಿದ್ದ. ಕತೆ ಬರೆಯಲು ಯಾರೂ ಇರಲಿಲ್ಲ. ಒಂದು ರವಿವಾರ ನನ್ನ ಮನೆಗೆ ಬಂದು ಕುಳಿತ.

"ಅಕ್ಕಾ, ಎಲ್ಲಾ ಗೇಮು ಇಂಗ್ಲಿಷಿನ್ಯಾಗ ಅದಾವ. ನಮ್ಮ ಹುಡುಗ್ರು ನಮ್ಮ ಮಾತಿನ್ಯಾಗ ಆಡ್ಲಿ. ನೀ ಕತಿ ಬರಿ."

"ನನಗ ಆಟಗೀಟ ತಿಳಿಯಂಗಿಲ್ಲೋ ಮಾರಾಯಾ."

"ನೀ ಕತಿ ಅಷ್ಟ ಬರಿ. ಆಟ ನಾ ನೋಡ್ಕೋತೇನಿ."

ತಪ್ಪು ಅಲ್ಲಿಂದಲೇ ಸುರುವಾಯಿತು ಎಂದು ಈಗ ಅನ್ನಿಸುತ್ತದೆ. ಕತೆ ಒಬ್ಬರದು, ಆಟ ಇನ್ನೊಬ್ಬರದು. ನಾನು ಬರೆದದ್ದನ್ನು ಅವನು ಪೂರ್ತಿ ಓದುತ್ತಿರಲಿಲ್ಲ, ಅವನು ಮಾಡಿದ್ದನ್ನು ನಾನು ಆಡುತ್ತಿರಲಿಲ್ಲ. ಎರಡನ್ನೂ ಕೂಡಿಸಿ ನೋಡಿದವಳು ಅವನ ಮಗಳೊಬ್ಬಳೇ.

ನಾನು ಬರೆದ ಕತೆ ಸಣ್ಣದು. ಹೊಳೆಯ ಆಚೆ ದಂಡೆಯ ಹೊಲದಲ್ಲಿ ಅವ್ವ ಕಳೆ ಕೀಳುತ್ತಿದ್ದಾಳೆ, ಮುಂಜಾನೆಯಿಂದ ಉಂಡಿಲ್ಲ. ಮನೆಯಲ್ಲಿ ಉಳಿದಿರುವುದು ನಾಲ್ಕೇ ರೊಟ್ಟಿ. ಅವನ್ನು ಬುತ್ತಿ ಕಟ್ಟಿಕೊಂಡು ಮಗಳು ಹೊರಡುತ್ತಾಳೆ. ದಾರಿಯಲ್ಲಿ ನಾಯಿ, ಹಾಯುವ ಹೋರಿ, ಮೆಣಸಿನಕಾಯಿ ಸುಟ್ಟ ಘಾಟು, ಕಡೆಗೆ ಹೊಳೆ, ಹೊಳೆಯ ನಡುವೆ ಮಡು. ಮಡುವಿನ ಮುಂದೆ ಒಬ್ಬ ಮುದುಕಿ ಕುಳಿತಿರುತ್ತಾಳೆ. ಅವಳು ಹೇಳುವ ಮಾತು ಅವ್ವನದೇ: ಮಡುವಿಗೆ ಬಿದ್ದವರು ಹೊಳ್ಳಿ ಬರಂಗಿಲ್ಲ. ಅದನ್ನು ಬರೆದ ದಿನ ನನಗೆ ಬಹಳ ಹೆಮ್ಮೆ. ಮನೆಯ ನೋವನ್ನು ಕತೆಗೆ ತಂದೆ ಅಂತ ಬೀಗಿದೆ.

ತಮ್ಮನ ಮಗಳ ಬಗ್ಗೆ ಸ್ವಲ್ಪ ಹೇಳಬೇಕು. ಎರಡು ಮಾತು ಒಂದಕ್ಕೊಂದು ಕೂಡದಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಐದು ವರ್ಷದವಳಿದ್ದಾಗ, ಆಕಾಶದ ಚಂದಪ್ಪ ನಮ್ಮ ಬಸ್ಸಿನ ಬೆನ್ನು ಹತ್ತಿದ್ದಾನೆ ಎಂದು ನಾನು ಆಟಕ್ಕೆ ಹೇಳಿದ್ದಕ್ಕೆ, ಹಾಗಾದರೆ ಅತ್ತ ಹೋಗುವ ಬಸ್ಸಿನ ಹಿಂದೆ ಯಾರು ಹೋಗುತ್ತಾರೆ ಎಂದು ಹಾವೇರಿ ಬರುವತನಕ ಜೀವ ತಿಂದಿದ್ದಳು. ಅಂಥವಳ ಕೈಗೆ ತಮ್ಮ ಗೇಮು ಕೊಟ್ಟ, ಏನಾದರೂ ಕೆಟ್ಟರೆ ಹೇಳು ಅಂತ. ನಾಲ್ಕು ದಿನಕ್ಕೆ ನನಗೆ ಫೋನು ಬಂತು.

"ಅತ್ತೀ, ನಾಕ ರೊಟ್ಟಿ ಅಂತ ಬರದೀ. ನಾಯಿ ಕಡದಾಗೊಮ್ಮೆ ಒಂದ ರೊಟ್ಟಿ ತಿಂದ್ರ ಜೀವ ತುಂಬತೈತಿ. ನಾ ಹನ್ನೊಂದ ತಿಂದೆ. ಇನ್ನೂ ನಾಕ ಅದಾವ."

ತಮ್ಮನನ್ನು ಕೇಳಿದೆ. ಹುಡುಗರು ಸೋತು ಬಿಟ್ಟುಬಿಡುತ್ತಾರೆ, ರೊಟ್ಟಿ ತೀರಬಾರದು, ಅದನ್ನು ಬದಲಿಸಲು ಆಗದು ಎಂದ. ಸರಿ, ಕತೆಯನ್ನೇ ಬದಲಿಸಿದೆ. ಹಸಿದವರಿಗೆ ಅಂತ ಕಟ್ಟಿದ ಬುತ್ತಿ ಹಸಿದವರಿಗೆ ಮುಟ್ಟುವತನಕ ತೀರುವುದಿಲ್ಲ ಎಂದು ಒಂದು ಸಾಲು ಸೇರಿಸಿದೆ. ಅವಳು ಒಪ್ಪಿದಳು. ಆಮೇಲೆ ಇನ್ನೊಂದು ಬಂತು. ಅವ್ವ ಹಸಿದಿದ್ದಾಳೆ, ಲಗೂ ಹೋಗು ಅಂತ ಕತೆ ಹೇಳುತ್ತದೆ, ಆಟದಲ್ಲಿ ಮಾವಿನಕಾಯಿ ಕೀಳುತ್ತ ಎಷ್ಟು ಹೊತ್ತು ನಿಂತರೂ ಹೊತ್ತು ಮುಳುಗುವುದಿಲ್ಲ. ಮಗಳು ಮುಟ್ಟುವತನಕ ಸೂರ್ಯನೂ ಉಣ್ಣದೆ ನೆತ್ತಿಯ ಮೇಲೇ ನಿಂತಿದ್ದಾನೆ ಎಂದು ಬರೆದೆ. ಅದಕ್ಕೂ ಒಪ್ಪಿದಳು. ತಮ್ಮೂರ ನಾಯಿ ತಮ್ಮೂರ ಹುಡುಗಿಯನ್ನೇ ಯಾಕೆ ಕಡಿಯುತ್ತದೆ ಎಂದಳು. ಕತೆಯ ಹುಡುಗಿ ಹಾಕಿಕೊಂಡ ಲಂಗ ಬೇರೆ ಊರಿನಿಂದ ಬಂದದ್ದು, ನಾಯಿಗೆ ವಾಸನೆ ತಿಳಿಯಲಿಲ್ಲ ಎಂದೆ.

ನನಗೂ ಇದರ ರುಚಿ ಹತ್ತಿತು. ತಮ್ಮ ಇದಕ್ಕೆ ತ್ಯಾಪಿ ಹಚ್ಚೋದು ಎಂದು ಹೆಸರಿಟ್ಟ. ಬಸ್ಸಿನಲ್ಲಿ ಕುಳಿತು ತೇಪೆ ಯೋಚಿಸುತ್ತಿದ್ದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಬರುವ ಮೊದಲೇ ಬಸ್ಸಿನವರೆಲ್ಲ ಸೆರಗು, ಟವೆಲ್ಲು ಮೂಗಿಗೆ ಹಿಡಿಯುತ್ತಾರೆ, ನಾನು ಮಾತ್ರ ಸೀನುತ್ತ ನಗುತ್ತ ಕುಳಿತಿರುತ್ತಿದ್ದೆ. ಯಾವ ತೂತಿಗೂ ನನ್ನ ಹತ್ತಿರ ಬಟ್ಟೆ ಇತ್ತು. ಮಕ್ಕಳಿಗೆ ವ್ಯಾಕರಣ ಕಲಿಸಿ ಬೇಸತ್ತ ಹೆಂಗಸಿಗೆ ಇದಕ್ಕಿಂತ ಸುಖ ಏನು ಬೇಕು? ಮನುಷ್ಯರಿಗೆ ಸೊಕ್ಕು ಬರುವುದು ಹೀಗೆ.

ಮಳೆಗಾಲದ ಕೊನೆಗೆ ಅವಳು ಮಡುವಿಗೆ ಬಂದು ಮುಟ್ಟಿದಳು. ನಾನು ಆ ದಿನ ಹಾವೇರಿಯಲ್ಲೇ ಇದ್ದೆ. ನನ್ನ ಪಕ್ಕದಲ್ಲಿ ಕುಳಿತು ಆಡುತ್ತಿದ್ದಳು. ಆಟದ ಹುಡುಗಿ ಕಾಲು ಜಾರಿ ಬಿದ್ದಳು, ನೀರು ಮುಚ್ಚಿತು. ಮರುಕ್ಷಣ ಅದೇ ಹುಡುಗಿ ದಂಡೆಯ ಮೇಲೆ ನಿಂತಿದ್ದಳು, ಲಂಗ ಸುದ್ದಾ ಒಣಗಿತ್ತು.

"ನೋಡಿದೇನು ಅತ್ತಿ? ಹೊಳ್ಳಿ ಬರಂಗಿಲ್ಲ ಅಂತ ಮುದುಕಿ ಹೇಳ್ತಾಳ. ನಾ ಹೊಳ್ಳಿ ಬಂದೆ. ಮೂರ ಸಲ ಬರಾಕ ಬರತೈತಿ. ನಾಕನೇ ಸಲಕ್ಕ ಆಟ ಮುಗೀತೈತಿ. ಮುದುಕಿ ಸುಳ್ಳ ಹೇಳ್ಯಾಳ."

"ಸುಳ್ಳ ಅಲ್ಲವಾ ಅದು."

"ಹಂಗಾರ ಆಟ ಸುಳ್ಳ."

ಆಟ ಸುಳ್ಳು ಎಂದು ಆಗಲೇ ಹೇಳಿ ಸುಮ್ಮನಾಗಿದ್ದರೆ! ಹೌದು ಮಗಳೇ, ಆಟ ಸುಳ್ಳು, ಮುದುಕಿ ಹೇಳಿದ್ದೇ ಖರೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ತೇಪೆ ಹಚ್ಚುವವಳಿಗೆ ಸೋಲುವುದು ಹೇಗೆ? ಅಲ್ಲೇ ಕುಳಿತು ಬರೆದೆ: ಹೊಳೆಯೊಳಗೆ ಗಂಗವ್ವ ಇದ್ದಾಳೆ. ತನ್ನ ಹೆಸರು ಹಿಡಿದು ಕರೆದವರನ್ನು ಮೂರು ಸಲ ಕೈಹಿಡಿದು ಮೇಲೆತ್ತುತ್ತಾಳೆ. ನಾಲ್ಕನೇ ಸಲ ಬಿದ್ದವರನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾಳೆ, ಅವರು ಹೊಳ್ಳಿ ಬರುವುದಿಲ್ಲ. ಬರೆದು ಮುಗಿಸಿದಾಗ ಮೈ ಜುಂ ಎಂದಿತು. ಚೆನ್ನಾಗಿ ಬರೆದದ್ದಕ್ಕೆ ಹಾಗಾಯಿತು ಎಂದುಕೊಂಡೆ. ಮೂರ್ಖಳು ನಾನು.

ಮುದುಕಿಯ ಮಾತಿಗೆ ಧ್ವನಿ ಬೇಕಿತ್ತು. ಅವ್ವನದೇ ಇರಲಿ ಎಂದ ತಮ್ಮ. ಅವ್ವ ಮೇಡ್ಲೇರಿಯಲ್ಲಿ ನನ್ನ ನಡುವಿನ ತಮ್ಮನ ಹತ್ತಿರ ಇರುತ್ತಾಳೆ, ಅವನು ಒಕ್ಕಲುತನ ಮಾಡುತ್ತಾನೆ. ಇಬ್ಬರೂ ಹೋಗಿ ಅಡುಗೆಮನೆಯ ಬಾಗಿಲು ಮುಚ್ಚಿ ಫೋನು ಹಿಡಿದು ಕುಳಿತೆವು. ಬುತ್ತಿಯ ಸಾಲನ್ನೂ ಸೂರ್ಯನ ಸಾಲನ್ನೂ ಅವ್ವ ನಕ್ಕೋತ ಹೇಳಿದಳು. ಮಡುವಿನ ಸಾಲು ಬಂದಾಗ ಬಾಯಿ ಮುಚ್ಚಿದಳು.

"ಇದನ್ನ ನಾ ಹೇಳಂಗಿಲ್ಲ."

"ಯಾಕ ಬೇ?"

"ಹೊಳೀ ಬಗ್ಗೆ ಸುಳ್ಳ ಆಡಬಾರದು. ಹೊಳೀ ದಂಡಿ ಮಂದಿ ನಾವು. ಬ್ಯಾರೆ ಏನರ ಹೇಳಸ್ರಿ, ಹೇಳ್ತೇನಿ."

"ಆಟದಾಗಿನ ಮಾತ ಬೇ ಇದು. ಖರೇ ಅಂತ ಯಾರ ತಿಳೀತಾರ?"

"ದೊಡ್ಡಾವ್ರು ತಿಳಿಯಂಗಿಲ್ಲ. ಸಣ್ಣಾವ್ರು?"

ನನಗೆ ಸಿಟ್ಟು ಬಂತು. ಇಷ್ಟು ದೂರ ಬಂದದ್ದು ಇದಕ್ಕೇನಾ, ಒಂದು ಸಾಲು ಹೇಳಲು ಏನು ಧಾಡಿ, ಎಲ್ಲಾ ಕಡೆ ಅಂಜಿ ಅಂಜಿ ನಮ್ಮನ್ನೂ ಹೇತಲಾಂಡಿ ಮಾಡಿದಿ ಎಂದು ಬಾಯಿಗೆ ಬಂದದ್ದು ಅಂದೆ. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ಒಂದೇ ಉಸಿರಿನಲ್ಲಿ ಹೇಳಿದಳು: "ಹೆಸರ ಹಿಡದ ಕರದಾವ್ರನ್ನ ಗಂಗವ್ವ ಮೂರ ಸಲ ಎತ್ತತಾಳ. ನಾಕನೇ ಸಲ ತನ್ನ ಹಂತ್ಯಾಕ ಇಟಗೋತಾಳ." ಧ್ವನಿ ನಡುಗಿತು. ಭಾರೀ ಬಂತು ಬೇ ಎಂದ ತಮ್ಮ. ನಾನೂ ಅದನ್ನು ನಟನೆ ಎಂದೇ ತಿಳಿದೆ. ಅವ್ವ ಎದ್ದು ಹಿತ್ತಲಿಗೆ ಹೋಗಿ ಬಾಯಿ ತೊಳೆದುಕೊಂಡಳು.

ಹೊಸ ಸಾಲು ಸೇರಿಸಿದ ಗೇಮನ್ನು ಹುಡುಗಿ ಆಡಿದಳು. ಆಯಿ, ಅಂದರೆ ಅವಳ ಅಜ್ಜಿ, ಫೋನಿನೊಳಗಿಂದ ಮಾತಾಡಿದ್ದಕ್ಕೆ ಕುಣಿದಾಡಿದಳು. ಮೂರು ಸಲ ಬಿದ್ದು ಎದ್ದಳು, ನಾಲ್ಕನೇ ಸಲ ಆಟ ಮುಗಿಯಿತು. "ಈಗ ಕೂಡತು ಅತ್ತಿ," ಎಂದಳು. ನನ್ನ ಎದೆ ಉಬ್ಬಿತು. ನಾನು ರಾಣೆಬೆನ್ನೂರಿನ ಬಸ್ಸಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಅವಳು ಬಾಗಿಲಿಗೆ ಬಂದು ನಿಂತಳು.

"ಅತ್ತಿ, ಹಂಗಾರ ಅಪ್ಪನ ಅತ್ತಿ ಯಾಕ ಹೊಳ್ಳಿ ಬರಲಿಲ್ಲ? ಆಯಿ ನೋಡಿದ್ಲಲ್ಲ, ಅಕಿ."

ಮುಳುಗಿಹೋದ ಆ ಹುಡುಗಿಯ ಸುದ್ದಿ ಇವಳಿಗೆ ಯಾರು ಹೇಳಿದ್ದರೋ. ಬಸ್ಸಿಗೆ ಹೊತ್ತಾಗಿತ್ತು. ಮತ್ತೆ ಕುಳಿತು ಸಾವು ಅಂದರೆ ಏನು ಎಂದು ಬಿಡಿಸಿ ಹೇಳುವ ಪುರಸೊತ್ತು ನನಗಿರಲಿಲ್ಲ. ಖರೆ ಹೇಳಬೇಕೆಂದರೆ ಧೈರ್ಯವೂ ಇರಲಿಲ್ಲ.

"ಅಕಿ ಮೊದ್ಲ ಮೂರ ಸಲ ಬಿದ್ದಿರಬೇಕು," ಎಂದೆ.

"ಹಾಂ," ಎಂದಳು ಅವಳು, ಲೆಕ್ಕದ ಉತ್ತರ ಸಿಕ್ಕವರ ಹಾಗೆ. ನಾನು ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕುಳಿತಾಗ ಒಳಗೆ ಏನೋ ಚುಚ್ಚಿತು. ತೇಪೆ ಈ ಸಲ ಗೇಮಿಗೆ ಹಚ್ಚಿದ್ದಲ್ಲ, ನಮ್ಮ ಮನೆಯ ಸಾವಿಗೆ ಹಚ್ಚಿದ್ದು. ನಾಳೆ ಫೋನು ಮಾಡಿ ಹೇಳಿದರಾಯಿತು ಎಂದುಕೊಂಡೆ. ನಾಳೆ ಪರೀಕ್ಷೆಯ ಪೇಪರು ತಿದ್ದುವುದಿತ್ತು. ಮರೆತೆ.

ಅದಾಗಿ ಮೂರು ವಾರಕ್ಕೆ ಶೀಗಿ ಹುಣ್ಣಿಮೆ ಬಂತು. ನಮ್ಮ ಕಡೆ ಅವತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ ಮಾಡಿ, ಎಡೆಯ ಅನ್ನವನ್ನು ಬೆಳೆಗೆಲ್ಲ ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣುತ್ತೇವೆ. ಬಸುರಿಗೆ ಬಯಕೆಯೂಟ ಇಕ್ಕಿದ ಹಾಗೆ ಭೂಮಿಗೆ ಇಕ್ಕುವುದು. ನಮ್ಮ ಹೊಲ ಹೊಳೆಯಿಂದ ದೂರವಿಲ್ಲ. ನಡುವೆ ಆಳೆತ್ತರದ ಮೆಕ್ಕೆಜೋಳ, ಅದರಾಚೆ ದಂಡೆ. ನಾನು ಯಾವಾಗಲೂ ಹೊಳೆಗೆ ಬೆನ್ನು ಮಾಡಿ ಊಟಕ್ಕೆ ಕೂಡುತ್ತೇನೆ. ಅವತ್ತೂ ಹಾಗೇ ಕುಳಿತೆ.

ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೊಸರನ್ನದ ಬುತ್ತಿ. ಹುಡುಗಿ ನನ್ನ ಎದುರಿಗೇ ಕುಳಿತಿದ್ದಳು. ಹೋಳಿಗೆ ಮುರಿಯುತ್ತ ಏನೋ ಯೋಚಿಸುತ್ತಿದ್ದಳು. ನಾನು ಅವಳ ತಾಯಿಯ ಜೊತೆ ಹರಟುತ್ತ ತಾಟು ತೊಳೆಯಲು ನೀರು ಹಾಕಿಸಿಕೊಂಡು ಹೊಳ್ಳಿ ನೋಡಿದೆ. ಅರ್ಧ ಹೋಳಿಗೆ ತಾಟಿನಲ್ಲಿತ್ತು. ಹುಡುಗಿ ಇರಲಿಲ್ಲ.

"ಕೂಸು ಎಲ್ಲಿ ಹೋತು?" ಎಂದಳು ಅವಳ ತಾಯಿ.

"ಬದುವಿಗೆ ಹೋಗಿರಬೇಕು," ಎಂದ ತಮ್ಮ. "ಬರತಾಳ."

ನನಗೆ ಗೊತ್ತಾಯಿತು. ಯಾರೂ ಹೇಳಲಿಲ್ಲ, ಆದರೂ ಗೊತ್ತಾಯಿತು. ಬಾಯಿ ತೆರೆದರೆ ಮಾತು ಬರಲೊಲ್ಲದು. ಹೊಳೆಯ ಕಡೆ ಹೋಗಿರಿ ಎಂದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದು ಹೇಳಬೇಕಾಗುತ್ತದೆ. ಆ ಗಳಿಗೆಯಲ್ಲೂ, ದೇವರಾಣೆ, ನಾನು ಅಂಜಿದ್ದು ಅದಕ್ಕೆ. ತಮ್ಮ ಬಾವಿಯ ಕಡೆ ಕೂಗುತ್ತ ಹೋದ. ಅವ್ವ ಒಬ್ಬಳೇ ನನ್ನ ಮುಖ ನೋಡುತ್ತಿದ್ದಳು.

"ಹೊಳೀಗೆ ಓಡ," ಎಂದಳು ಅವ್ವ. ಅಷ್ಟೇ ಎಂದಳು.

ಮೆಕ್ಕೆಜೋಳದೊಳಗೆ ನುಗ್ಗಿದೆ. ಒಣಗುತ್ತ ಬಂದ ಎಲೆಗಳು ಮುಖ ಕೈ ಎಲ್ಲಾ ಕೊಯ್ದವು. ಎಷ್ಟು ಓಡಿದರೂ ಮೆಕ್ಕೆಜೋಳವೇ. ನನ್ನ ಉಸಿರಿನ ಸದ್ದು ಬಿಟ್ಟರೆ ಬೇರೇನೂ ಕೇಳಲೊಲ್ಲದು. ಒಂದು ಸಲ ಹೊಳೆ ಯಾವ ಕಡೆಗಿದೆ ಎಂಬುದೇ ತಪ್ಪಿತು, ನಿಂತು ತಿರುಗಿ ನೋಡಿದೆ, ಎಲ್ಲಾ ಕಡೆ ಒಂದೇ ಹಸಿರು, ಒಂದೇ ಹಳದಿ. ಗಂಗವ್ವಾ ಎಂದು ನನ್ನ ಬಾಯಿಂದಲೇ ಬಂತು. ಬಂದ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದೆ. ನಾನೇ ಕಟ್ಟಿದ ಸುಳ್ಳನ್ನು ನಾನೇ ಕರೆಯುತ್ತಿದ್ದೆ.

ದಂಡೆಗೆ ಬಂದೆ. ಬಂಡೆಯ ಮೇಲೆ ಅವಳ ಎರಡೂ ಚಪ್ಪಲಿ ಜೋಡಿಸಿ ಇಟ್ಟಿದ್ದವು. ಗುಡಿಗೆ ಹೋಗುವವರು ಬಿಟ್ಟ ಹಾಗೆ. ಮುಂದೆ ನೀರು. ಆಚೆ ಕಡೆ ಹೊಳೆ ಸದ್ದು ಮಾಡುತ್ತಿತ್ತು, ನನ್ನ ಮುಂದೆ ಸುಮ್ಮನಿತ್ತು. ಒಂದು ಗುಳ್ಳೆ ಸುದ್ದಾ ಇರಲಿಲ್ಲ. ಕೂಗಬೇಕೆಂದರೆ ಅವಳ ಹೆಸರು ನಾಲಿಗೆಗೆ ಬರಲಿಲ್ಲ. ಕಾಲು ಎತ್ತಲಾಗಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ನನಗೆ ನೂರು ವರ್ಷದಷ್ಟಾಯಿತು. ನೀರಿಗೆ ಅಂಜಿ, ಕೂಸು ಸಾಯುವುದನ್ನು ನೋಡುತ್ತ ನಿಂತ ಹೆಂಗಸು ನಾನು. ಇದನ್ನು ಮುಚ್ಚಿಡುವುದಿಲ್ಲ.

"ಅತ್ತಿ."

ಸಣ್ಣ ಧ್ವನಿ. ಕೆಳಗೆ, ಎಡಕ್ಕೆ. ಯಾರದೋ ಪಂಪ್‌ಸೆಟ್ಟಿನ ಕರಿ ಪೈಪು ದಂಡೆಯಿಂದ ನೀರಿಗೆ ಇಳಿದಿತ್ತು. ಆ ಪೈಪನ್ನು ಎರಡೂ ಕೈಯಿಂದ ತಬ್ಬಿಕೊಂಡು, ಎದೆಮಟ ನೀರಿನಲ್ಲಿ ಅವಳಿದ್ದಳು. ಕೂದಲು ಮುಖಕ್ಕೆ ಅಂಟಿತ್ತು. ತುಟಿ ನೀಲಿ. ಅಳುತ್ತಿರಲಿಲ್ಲ.

ಹೇಗೆ ಇಳಿದೆ ಎಂದು ಕೇಳಿದರೆ ಹೇಳಲು ಬಾರದು. ಸೀರೆ ನೀರಿನಲ್ಲಿ ಭಾರವಾಗಿ ಕಾಲಿಗೆ ಸುತ್ತಿಕೊಂಡದ್ದು ನೆನಪಿದೆ. ಕಾಲ ಕೆಳಗಿನ ಕೆಸರು ಜಾರಿದ್ದು ನೆನಪಿದೆ. ಅವಳ ಜಡೆ ಕೈಗೆ ಸಿಕ್ಕಿತು, ಹಿಡಿದು ಎಳೆದೆ. ಪೈಪು ಬಿಡಲೊಲ್ಲಳು, ಬೆರಳು ಬಿಗಿದಿದ್ದವು, ಒಂದೊಂದೇ ಬಿಡಿಸಿದೆ. ದಂಡೆಯ ಮೇಲೆ ಹಾಕಿ ಬೆನ್ನು ತಟ್ಟಿದೆ, ಸ್ವಲ್ಪ ನೀರು ಕಕ್ಕಿದಳು. ಉಸಿರಾಡಿದಳು. ಆಗ ನನಗೆ ಎಲ್ಲಿತ್ತೋ ಸಿಟ್ಟು, ಫಟೀರನೆ ಕಪಾಳಕ್ಕೆ ಹೊಡೆದೆ. ಹೊಡೆದು ಎದೆಗೆ ಅವುಚಿಕೊಂಡೆ.

"ಯಾಕ ಇಳದೆಲೇ ಹುಚ್ಚೀ! ಯಾಕ!"

"ಖರೇ ಐತೋ ಇಲ್ಲೋ ನೋಡಾಕ," ಎಂದಳು. ಹಲ್ಲು ಕಟಕಟ ಎನ್ನುತ್ತಿದ್ದವು. "ಖರೇ ಐತಿ ಅತ್ತಿ. ಗಂಗವ್ವಾ ಅಂತ ಕರದು ಇಳದೆ. ಕಾಲ ಜಾರಿತು. ಒಳಗ ಹೋದೆ. ಅಕಿ ಎತ್ತಿದ್ಲು."

"ಯಾರೂ ಎತ್ತಲಿಲ್ಲ! ಪೈಪು ಸಿಕ್ಕೈತಿ ಕೈಗೆ. ಪೈಪು ಅದು!"

"ನನ್ನ ಕಣ್ಣ ಮುಚ್ಚಿತ್ತು. ಪೈಪ ಎಲ್ಲಿ ಐತಿ ಅಂತ ನನಗ ಕಾಣಲಿಲ್ಲ," ಎಂದಳು ಸಮಾಧಾನದಿಂದ, ದಡ್ಡ ವಿದ್ಯಾರ್ಥಿಗೆ ಹೇಳುವಂತೆ. "ನನ್ನ ಕೈ ಅಲ್ಲಿಗೆ ಯಾರ ಒಯ್ದ್ರು ಹಂಗಾರ?"

ನೀರಿನಲ್ಲಿ ನಿಂತಾಗ ಆದದ್ದಕ್ಕಿಂತ ಹೆಚ್ಚಿನ ಹೆದರಿಕೆ ಆಗ ಆಯಿತು.

ಮಂದಿ ಓಡಿ ಬಂದರು. ತಮ್ಮ ಮಗಳನ್ನು ಎತ್ತಿಕೊಂಡ, ಅವಳ ತಾಯಿ ಬಾಯಿ ಬಡಿದುಕೊಂಡು ಅತ್ತಳು. ಆಸ್ಪತ್ರೆಗೆ ಒಯ್ದು ತೋರಿಸಿದೆವು, ಏನೂ ಆಗಿಲ್ಲ, ಮೈ ಬೆಚ್ಚಗಿಡಿ ಎಂದರು. ಮನೆಗೆ ಬಂದ ಮೇಲೆ ಎಲ್ಲರ ಎದುರು ಹೇಳಿದೆ. ಬರೆದದ್ದು, ಅವ್ವನ ಬಾಯಿಂದ ಹೇಳಿಸಿದ್ದು, ಬಾಗಿಲಲ್ಲಿ ನಿಂತು ಅಂದ ಆ ಒಂದು ಮಾತು. ಮುಚ್ಚಿಡಲಿಲ್ಲ. ತಮ್ಮನ ಹೆಂಡತಿ ನನ್ನ ಕಡೆ ನೋಡಲಿಲ್ಲ. "ಅಕ್ಕಾರ, ನೀವು ಮಕ್ಕಳಿಗೆ ಕಲಸಾವ್ರು," ಎಂದಳು. ಅದಕ್ಕಿಂತ ಬೈದಿದ್ದರೆ ಚಲೋ ಇತ್ತು.

ತಮ್ಮ ಆ ರಾತ್ರಿಯೇ ಗೇಮನ್ನು ತೆಗೆದುಹಾಕಿದ. ಎಷ್ಟು ಫೋನಿಗೆ ಹೋಗಿತ್ತೋ ಅಷ್ಟೂ ಮನೆಗೆ ತಾನೇ ಫೋನು ಹಚ್ಚಿ ಅಳಿಸಲು ಹೇಳಿದ. ಹೆಚ್ಚಿರಲಿಲ್ಲ, ಅವನ ಕ್ಲಾಸಿನ ಹುಡುಗರು, ಅವರ ತಂಗಿ ತಮ್ಮಂದಿರು. ಅಷ್ಟರಲ್ಲಿ ಹೊಳೆಯ ದಂಡೆಯ ಊರಿನವರು ಎಷ್ಟು ಜನ ಎಂದು ನಾನು ಲೆಕ್ಕ ಹಾಕುತ್ತ ಕುಳಿತೆ. ಗುತ್ತಲದ ಕಡೆಯ ಇಬ್ಬರು. ಆ ಇಬ್ಬರ ತಾಯಂದಿರ ಜೊತೆ ನಾನೇ ಮಾತಾಡಿದೆ. ಒಬ್ಬಾಕೆ ನಕ್ಕಳು, "ಆಟ ಅಲ್ಲೇನ್ರೀ ಟೀಚರ, ಅಷ್ಟ ಯಾಕ ಅಂಜತೀರಿ," ಎಂದಳು.

ಫೋನಿನಿಂದ ಅಳಿಸುವುದು ಸುಲಭ. ಹುಡುಗಿಯ ತಲೆಯಿಂದ ಹೇಗೆ ಅಳಿಸುವುದು? ಮೊದಲು ಅವ್ವ ಪ್ರಯತ್ನ ಮಾಡಿದಳು. ಹಾವೇರಿಗೆ ಬಂದು ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, "ನಾ ಸುಳ್ಳ ಹೇಳೇನಿ ನನ ಕೂಸ, ಗಂಗವ್ವ ಯಾರನ್ನೂ ಎತ್ತಂಗಿಲ್ಲ," ಎಂದಳು. ಹುಡುಗಿ ಆಯಿಯ ಗಲ್ಲ ಸವರಿ, "ನಾ ಮತ್ತ ಹೊಳೀಗೆ ಹೋಗಬಾರದು ಅಂತ ಹಂಗ ಹೇಳಾಕತ್ತೀ. ನಾ ಹೋಗಂಗಿಲ್ಲ ಬಿಡ," ಎಂದಳು. ಅವ್ವ ಅವತ್ತು ಉಣ್ಣಲಿಲ್ಲ. ತಮ್ಮ ಸಿಟ್ಟಿನಿಂದ ಹೇಳಿ ನೋಡಿದ, ಅವಳ ತಾಯಿ ಆಣೆ ಹಾಕಿಸಿದಳು. ಎಲ್ಲದಕ್ಕೂ ಹೂಂ ಎಂದಳು. ಮೇಡ್ಲೇರಿಗೆ ಕರೆದುಕೊಂಡು ಹೋಗುವುದನ್ನೇ ಬಿಟ್ಟರು.

ದೀಪಾವಳಿಯ ಸೂಟಿಯಲ್ಲಿ ನಾನು ಹಾವೇರಿಗೆ ಹೋದೆ. ಮಧ್ಯಾಹ್ನ. ಅವಳನ್ನು ಕಟ್ಟೆಯ ಮೇಲೆ ಪಕ್ಕಕ್ಕೆ ಕೂಡಿಸಿಕೊಂಡೆ. ಈ ಸಲ ಏನನ್ನೂ ಬಿಡಬಾರದು ಎಂದು ಗಟ್ಟಿ ಮನಸ್ಸು ಮಾಡಿದ್ದೆ. ನನ್ನ ಅಪ್ಪನ ತಂಗಿಯ ಸಂಗತಿ ಎಲ್ಲಾ ಹೇಳಿದೆ. ಅವಳಿಗೂ ನಿನ್ನ ಹಾಗೆ ಉದ್ದ ಜಡೆ ಇತ್ತಂತೆ. ಅವತ್ತು ಅರಿವೆಯ ಗಂಟು ಹೊತ್ತು ಹಾಡುತ್ತ ಹೋದಳಂತೆ. ಬಿದ್ದದ್ದು ಒಂದೇ ಸಲ. ಆಯಿ ದಂಡೆಯ ಮೇಲೆ ನಿಂತು ಕೂಗಿದರೂ ಯಾರೂ ಬರಲಿಲ್ಲ. ಮೂರು ಸಲ ಬಿದ್ದಿದ್ದಳು ಎಂದು ನಾನು ಹೇಳಿದ್ದು ಸುಳ್ಳು. ಬಸ್ಸಿಗೆ ಹೊತ್ತಾಗಿತ್ತು, ಅದಕ್ಕೆ ಹೇಳಿದೆ.

ಅವಳು ಪೂರ್ತಿ ಕೇಳಿದಳು. ಹುಬ್ಬು ಗಂಟಿಕ್ಕಿ ಯೋಚಿಸಿದಳು. ನನಗೆ ಆ ಹುಬ್ಬು ಗೊತ್ತು. ತೇಪೆ ಹುಡುಕುವಾಗ ನನ್ನ ಹುಬ್ಬೂ ಹಾಗೇ ಆಗುತ್ತಿತ್ತು ಎಂದು ತಮ್ಮ ಹೇಳುತ್ತಿದ್ದ.

"ಅಕಿಗೆ ಹೆಸರ ಹಿಡದು ಕರೀಬೇಕು ಅನ್ನೋದು ಗೊತ್ತಿರಲಿಲ್ಲ, ಪಾಪ," ಎಂದಳು. "ಆವಾಗಿನ್ನೂ ಯಾರೂ ಹೇಳಿರಲಿಲ್ಲಲ್ಲ."

ನನಗೆ ತಡೆಯಲಾಗಲಿಲ್ಲ. ಆ ನಡುಮಧ್ಯಾಹ್ನ, ಹೋಗಿ ಬರುವ ಮಂದಿಯ ಎದುರು, ಕಟ್ಟೆಯ ಮೇಲೆ ಕುಳಿತು ಅತ್ತೆ. ನಾನು ಏನು ಹೇಳಿದರೂ ಅವಳ ಹತ್ತಿರ ಅದಕ್ಕೊಂದು ಬಟ್ಟೆ ಇರುತ್ತದೆ. ಈ ಕೆಲಸ ಕಲಿಸಿದವಳು ನಾನು. ಅವಳು ಮೊದಲು ಗಾಬರಿಯಾದಳು, ಆಮೇಲೆ ಹತ್ತಿರ ಸರಿದು ತನ್ನ ಲಂಗದ ಚುಂಗಿನಿಂದ ನನ್ನ ಕಣ್ಣು ಒರೆಸಿದಳು.

"ಅಳಬ್ಯಾಡ ಅತ್ತಿ. ನನಗ ಏನೂ ಆಗಂಗಿಲ್ಲ. ಒಂದ ಸಲ ಅಷ್ಟ ಆಗೈತಿ. ಇನ್ನೂ ಎರಡ ಉಳದಾವ."